ಪೂಜೆಗೆ ಕುಳಿತ ಟ್ಯಾಬ್

ಕಚೇರಿಯಲ್ಲಿ ಮಾಡಿದ ನಿಯಮಗಳನ್ನು ಕಚೇರಿಯಲ್ಲೇ ಬಿಟ್ಟು ಮನೆಗೆ ಬರಬಹುದು ಎಂದು ನಂಬಿರುವವರು ನನ್ನ ಪಾಡನ್ನು ಸ್ವಲ್ಪ ಕೇಳಬೇಕು. ನಾನು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಪಠ್ಯಪುಸ್ತಕಗಳೆಲ್ಲ ಡಿಜಿಟಲ್ ಆಗಬೇಕು ಎಂದಾಗ ಎಲ್ಲರಿಗಿಂತ ಮುಂದೆ ಕುಣಿದವನು ನಾನೇ. ಹಳೆಯ ಪ್ರತಿಗಳನ್ನು ಮೂಟೆ ಕಟ್ಟಿ ಗೋದಾಮಿಗೆ ಕಳಿಸಿದೆ. ಉಕ್ಕಡಂ ಬಸ್ಸಿನಲ್ಲಿ ನಿಂತುಕೊಂಡೇ ಓದಬಹುದು ಎಂದು ವಿದ್ಯಾರ್ಥಿಗಳ ಮುಂದೆ ಭಾಷಣ ಬಿಗಿದೆ. ಕಾಲೇಜಿಗೆ ಸಿಕ್ಕಿದ್ದು ಕೆಲವೇ ಪ್ರತಿಗಳಾದ್ದರಿಂದ ಒಂದನ್ನು ಒಂದು ಸಲಕ್ಕೆ ಒಬ್ಬರೇ ಓದಬೇಕು, ಅವಧಿ ಮುಗಿದೊಡನೆ ಪುಸ್ತಕ ತಾನಾಗಿಯೇ ಸರದಿಯಲ್ಲಿ ಕಾದಿರುವವರ ಬಳಿ ಹೋಗಬೇಕು ಎಂಬ ನಿಯಮವನ್ನೂ ಮಾಡಿದೆ. ದಂಡವಿಲ್ಲ, ಜಗಳವಿಲ್ಲ. ಪ್ರಾಂಶುಪಾಲರು ಇದನ್ನು ಮೆಚ್ಚಿದ ಸಂಗತಿಯನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಹೇಳಿದ್ದೇನೆ.

ನಮ್ಮದು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆ. ಮಗ್ಗ ಹೋದರೂ ಸರಸ್ವತಿ ಪೂಜೆ ಹೋಗಿಲ್ಲ. ಅಂದು ನನ್ನ ಅವ್ವ ಹಳೆಯ ಲಾಳಿಯ ಪಕ್ಕದಲ್ಲಿ ಮನೆಯ ಪುಸ್ತಕಗಳನ್ನೆಲ್ಲ ಜೋಡಿಸಿ ಮೇಲೆ ರೇಷ್ಮೆ ವಸ್ತ್ರ ಹೊದಿಸುತ್ತಾರೆ. ಮರುದಿನ ವಿಜಯದಶಮಿಯ ಬೆಳಿಗ್ಗೆ ಅದನ್ನು ತೆಗೆಯುವವರೆಗೆ ಯಾರೂ ಒಂದಕ್ಷರ ಓದುವಂತಿಲ್ಲ. ಅವ್ವನಿಗೆ ಓದು ಬರುವುದಿಲ್ಲ. ಪುಸ್ತಕವೆಂದರೆ ನಮಗಿಂತ ಅವರಿಗೇ ಭಕ್ತಿ ಹೆಚ್ಚು.

ಈ ಸಲ ಅವರು ನನ್ನ ಮಗಳು ಮೀನಾಳನ್ನು ಕೇಳಿದರು: “ನಿನ್ ಪುಸ್ತಗ ಎಲ್ಲಿ, ನನ್ ಕಣ್ಣು?”

“ಎಲ್ಲಾ ಈ ಟ್ಯಾಬ್ ಒಳಗೇ ಇದೆ ಅಜ್ಜಿ.”

“ಹಂಗಾದ್ರೆ ಅದನ್ನೇ ಕೊಡು. ಸಾಮಿಗೆ ತಿಳೀತದೆ.”

ಮೀನಾಳ ಮುಖ ಸಪ್ಪಗಾಯಿತು. ಅವಳು ನಮ್ಮ ಕಾಲೇಜಿನಲ್ಲೇ ಓದುವವಳು. ಹಿಂದಿನ ಸೆಮಿಸ್ಟರಿನಲ್ಲಿ ಅರ್ಥಶಾಸ್ತ್ರ ಕೈಕೊಟ್ಟಿತ್ತು. ವಿಜಯದಶಮಿಯ ಮರುದಿನವೇ ಮರುಪರೀಕ್ಷೆ. ಗ್ರಂಥಾಲಯದಿಂದ ಪಡೆದ ಆ ಪುಸ್ತಕದ ಅವಧಿ ಪೂಜೆಯ ಸಂಜೆಗೇ ಮುಗಿಯುತ್ತಿತ್ತು. ಉಳಿದ ಅಧ್ಯಾಯಗಳನ್ನು ಅಷ್ಟರೊಳಗೆ ಮುಗಿಸಬೇಕೆಂದಿದ್ದಳು. ಆದರೆ ಅಜ್ಜಿ ಕೈ ಚಾಚಿದಾಗ ಕೊಟ್ಟುಬಿಟ್ಟಳು. ಅವ್ವ ಟ್ಯಾಬಿನ ಗಾಜಿಗೆ ಗಂಧ ಹಚ್ಚಿ, ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಇಟ್ಟರು. ಅವರ ಮುಖ ನೋಡಿ ನಾನೂ ಕೈಮುಗಿದೆ.

ಮರುದಿನ ಬೆಳಿಗ್ಗೆ ಎಲ್ಲರೂ ಒಂದೊಂದು ಸಾಲು ಗಟ್ಟಿಯಾಗಿ ಓದುವುದು ನಮ್ಮ ಮನೆಯ ಪದ್ಧತಿ. ಮೀನಾ ಕುಂಕುಮ ಒರೆಸಿ ಟ್ಯಾಬ್ ತೆರೆದಳು. ಪುಸ್ತಕವಿರಲಿಲ್ಲ. ಅದರ ಜಾಗದಲ್ಲಿ ನಾನೇ ಇಂಗ್ಲಿಷಿನಲ್ಲಿ ಬರೆದ ಸೂಚನೆ: ‘ನಿಮ್ಮ ಅವಧಿ ಮುಗಿದಿದೆ. ದಯವಿಟ್ಟು ತಾಳ್ಮೆಯಿಂದ ಕಾಯಿರಿ. ಇಂತಿ, ಗ್ರಂಥಪಾಲಕ.’ ಅವಳು ಅದನ್ನೇ ಓದಿದಳು. ಅರ್ಥವಾಗದ ಅವ್ವ ಟ್ಯಾಬನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ನನ್ನ ಬರಹಕ್ಕೆ ಅಂಥ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

ಮೊಮ್ಮಗಳ ಕಣ್ಣಲ್ಲಿ ನೀರು ನೋಡಿ ಅವ್ವ ಕಾರಣ ಕೇಳಿದರು. ಹೇಳಿದೆ.

“ಈಗ ಯಾರತ್ರ ಇದೆ ಆ ಪುಸ್ತಗ?”

“ಉಡುಮಲೈಪೇಟೆ ಊರಿನ ಪೂಂಗೊಡಿ ಹತ್ರ ಅವ್ವಾ, ಇವಳ ಕ್ಲಾಸಿನವಳೇ. ಅವಳಿಗೂ ನಾಳೆ ಇದೇ ಪರೀಕ್ಷೆ,” ಎಂದು ನನ್ನ ಲ್ಯಾಪ್‌ಟಾಪಿನತ್ತ ಕೈ ಚಾಚಿದೆ. “ಬೇಕಾದ್ರೆ ನಾನು ಇಲ್ಲಿಂದಲೇ ವಾಪಸ್ ತರಿಸಬಲ್ಲೆ.”

“ಬ್ಯಾಡಪ್ಪಾ. ನಾನು ಮುಗಿಸ್ಲಿ ಅಂತ ಪಾಪ ಅವಳು ಕಾದಿದ್ದಳು,” ಎಂದಳು ಮೀನಾ. ಮಗಳ ಬಗ್ಗೆ ಹೆಮ್ಮೆಯಾಯಿತು, ನನ್ನ ಬಗ್ಗೆ ಆಗಲಿಲ್ಲ.

“ಬಾಯಲ್ಲಿ ಓದಿ ಹೇಳಿದ್ರೆ ಪುಸ್ತಗ ಸವೆದೋಗ್ತದಾ?” ಎಂದರು ಅವ್ವ. “ಆ ಹೆಣ್ಣಿಗೆ ಒಂದು ಫೋನ್ ಹಾಕು.”

ಪೂಂಗೊಡಿ ಅದಕ್ಕೇನಂತೆ ಎಂದು ತಮಿಳಿನಲ್ಲಿ ಹೇಳಿ ನಕ್ಕು, ಓದಲು ಶುರುಮಾಡಿದಳು. ಅವಳಿಗೆ ತಿಳಿಯದ ಕಡೆ ಮೀನಾ ಹಿಂದಿನ ಅಧ್ಯಾಯಗಳಿಂದ ಬಿಡಿಸಿ ಹೇಳುತ್ತಿದ್ದಳು. ಅವ್ವ ಕೈಮುಗಿದುಕೊಂಡೇ ಬೇಡಿಕೆ, ಪೂರೈಕೆಗಳನ್ನು ಪುರಾಣದಂತೆ ಆಲಿಸಿದರು. ಒಂದೇ ಪ್ರತಿ, ಎರಡು ಊರು, ಇಷ್ಟು ಜನ. ಬೀದಿಯ ಆಟೋ ಸದ್ದಿಗೆ ಒಂದು ವಾಕ್ಯ ಕೇಳಿಸದೆ ಹೋಯಿತು. ನಾನು ಎದ್ದು ಕಿಟಕಿ ಮುಚ್ಚಿದೆ. ಫೋನಿನ ಹತ್ತಿರ ಬಗ್ಗಿ, ಈ ನೌಕರಿಗೆ ಸೇರಿದಂದಿನಿಂದ ಯಾವ ಓದುಗರಿಗೂ ಹೇಳದ ಮಾತನ್ನು ಹೇಳಿದೆ:

“ಸ್ವಲ್ಪ ಜೋರಾಗಿ ಓದಮ್ಮ.”