ಕರಿಬಸವಯ್ಯನವರ ಅಟ್ಟದ ಟ್ರಂಕು

“ಇನ್ನು ಎಂಟೇ ದಿನ! ಅಷ್ಟರೊಳಗೆ ಸಂಘದ ದಾಖಲೆಗಳು ಈ ಮೇಜಿನ ಮೇಲೆ ಬಂದು ಬೀಳದಿದ್ದರೆ ನನ್ನ ಹೆಸರು ಬೆಟ್ಟಸ್ವಾಮಿಯೇ ಅಲ್ಲ!”

ತಿಪಟೂರಿನ ತೋಂಟದಾರ್ಯ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಹೊಸ ಕಾರ್ಯದರ್ಶಿ ಹೀಗೆ ಘರ್ಜಿಸಿ ಮೇಜು ಗುದ್ದಿದಾಗ ಸದಸ್ಯರೆಲ್ಲ ಚಪ್ಪಾಳೆ ತಟ್ಟಿದರು. ಬೆಟ್ಟಸ್ವಾಮಿಯವರ ಗರ್ವಕ್ಕೆ ಕಾರಣವಿತ್ತು. ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ ಇಪ್ಪತ್ತೆರಡು ವರ್ಷ ಧೂಳು ಕುಡಿದ ಗುಮಾಸ್ತರು ಅವರು. ಮಹಾರಾಜರ ಕಾಲದ ಕಾಗದವನ್ನೂ ಕಣ್ಣುಮುಚ್ಚಿ ಎಳೆದು ಕೊಡುವ ಧೀರರಿಗೆ ಪಕ್ಕದ ಬೀದಿಯ ಒಂದು ಟ್ರಂಕು ಯಾವ ಲೆಕ್ಕ?

ಸಂಗತಿ ಇಷ್ಟೆ. ಎಪ್ಪತ್ತೆಂಟನೆಯ ಇಸವಿ. ಬಡಾವಣೆಯ ಮನೆಮನೆಗೂ ನಲ್ಲಿ ಹಾಕಿಕೊಡಲು ಪುರಸಭೆ ಒಪ್ಪಿತ್ತು. ಆದರೆ ಮೊದಲು ಬಡಾವಣೆಯ ಮಂಜೂರಾದ ನಕ್ಷೆ ತೋರಿಸಬೇಕು. ಅದು ಇದ್ದದ್ದು ಹಳೆಯ ಕಾರ್ಯದರ್ಶಿ, ಕೊಬ್ಬರಿ ಮಂಡಿಯ ಕರಿಬಸವಯ್ಯನವರ ಮನೆಯಲ್ಲಿ, ಒಂದು ಹಸಿರು ಟ್ರಂಕಿನೊಳಗೆ. ಅಧಿಕಾರ ಬಿಟ್ಟು ಆರು ತಿಂಗಳಾದರೂ ಅವರು ಟ್ರಂಕು ಬಿಟ್ಟಿರಲಿಲ್ಲ. ಇತ್ತ ಬೆಟ್ಟಸ್ವಾಮಿಯವರ ಹೆಂಡತಿ ದ್ರಾಕ್ಷಾಯಣಮ್ಮ ಎರಡು ಫರ್ಲಾಂಗು ದೂರದ ತೋಟದ ಬಾವಿಯಿಂದ ನೀರು ಹೊರುತ್ತಲೇ ಇದ್ದರು.

“ನಿಮ್ ಭಾಷಣಕ್ಕೆ ನಾನು ಚಪ್ಪಾಳೆ ತಟ್ಟಕ್ಕಾಗಲ್ಲ ಕಣ್ರೀ. ಕೈಯಾಗೆ ಬಿಂದಿಗೆ ಇರ್ತದೆ” ಎಂದು ಆಕೆ ಅಂದ ಮಾತು ಗಂಡನ ಎದೆಗೆ ನಾಟಿತ್ತು.

ಮಾರನೆಯ ದಿನವೇ ದಂಡಯಾತ್ರೆ ಹೊರಟಿತು. ಕರಿಬಸವಯ್ಯನವರು ಹಣೆತುಂಬ ವಿಭೂತಿ, ಬಾಯಿತುಂಬ ನಗು ಇಟ್ಟುಕೊಂಡು ಬರಮಾಡಿಕೊಂಡರು. ತಟ್ಟೆ ತುಂಬ ಕೊಬ್ಬರಿ ಮಿಠಾಯಿ ಬಂತು. ಆ ಮನೆಯಲ್ಲಿ ತಟ್ಟೆ ಖಾಲಿಯಾಗುವವರೆಗೆ ಬಂದ ಕೆಲಸ ಹೇಳುವಂತಿಲ್ಲ. ಬೆಟ್ಟಸ್ವಾಮಿ ಕರ್ತವ್ಯಪ್ರಜ್ಞೆಯಿಂದ ಖಾಲಿ ಮಾಡಿದರು.

“ಟ್ರಂಕಾ? ಐತೆ ಕಣಪ್ಪ, ಎಲ್ಲೋಗ್ತದೆ? ಅಟ್ಟದ ಮೇಲೈತೆ.”

“ಇಳಿಸಿಕೊಡಿ ಮತ್ತೆ!”

“ಅದರ ಮೇಲೆ ಆರು ಸಾವಿರ ತೆಂಗಿನಕಾಯಿ ಐತೆ.”

ಉಂಡೆ ಕೊಬ್ಬರಿ ಬೇಕಾದರೆ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೆ ಅದನ್ನು ಕದಲಿಸಬಾರದು. ಇದು ಆ ಸೀಮೆಯ ಶಾಸ್ತ್ರ.

“ಈಗಿನ್ನೂ ಐದು ತಿಂಗ್ಳು. ಬಸುರಿ ಹೆಂಗಸ್ನ ಹಿಡಿದು ಕುಲುಕ್ತಾರಾ? ಇದೂ ಹಂಗೇ ಕಣಪ್ಪ. ಇನ್ನಾರು ತಿಂಗ್ಳು ತಡ್ಕೋ. ಕೊಬ್ಬರೀನೂ ಆಯ್ತದೆ, ನಕ್ಷೇನೂ ಸಿಗ್ತದೆ.”

ಶೂರರು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಕರಿಬಸವಯ್ಯನವರ ಹೆಂಡತಿ ಶಿವರುದ್ರಮ್ಮ ಉಳಿದ ಮಿಠಾಯಿಯನ್ನೆಲ್ಲ ಪೊಟ್ಟಣ ಕಟ್ಟಿ ಕೊಟ್ಟಿದ್ದರು.

“ಟ್ರಂಕು ತರ್ತೀನಿ ಅಂತ ಹೋದೋರು ಮಿಠಾಯಿ ತಂದ್ರಾ?” ಎಂದರು ದ್ರಾಕ್ಷಾಯಣಮ್ಮ.

“ಆ ಮನುಷ್ಯ ಬೇಕಂತಲೇ ಟ್ರಂಕಿನ ಮೇಲೆ ಕಾಯಿ ಸುರಿದವ್ನೆ ಕಣೇ! ನಕ್ಷೇಲಿ ಏನೋ ಗೋಲ್‌ಮಾಲ್ ಐತೆ. ನಾನು ಬಯಲು ಮಾಡದೆ ಬಿಡಲ್ಲ!”

“ಅಂಥ ಒಳ್ಳೆ ಮನುಷ್ಯ ಕೊಡಲ್ಲ ಅಂದ್ರೆ ಏನೋ ಕಾರಣ ಇರ್ತದೆ, ಬುಡ್ರೀ. ಇಷ್ಟು ದಿನ ನೀರು ಹೊತ್ತೋಳಿಗೆ ಇನ್ನಾರು ತಿಂಗ್ಳು ಹೊರೋದು ಗೊತ್ತು.”

ಕೇಳುತ್ತಾರೆಯೇ? ಶನಿವಾರ ಮಂಡಿಯಲ್ಲಿ ಕೊಬ್ಬರಿ ಹರಾಜು. ಕರಿಬಸವಯ್ಯ ಮನೆಯಲ್ಲಿರುವುದಿಲ್ಲ. ಬೆಟ್ಟಸ್ವಾಮಿ ಕಚೇರಿಗೆ ಅರ್ಧ ದಿನ ರಜೆ ಹಾಕಿ ಶತ್ರುವಿನ ಕೋಟೆ ಹೊಕ್ಕರು.

“ಯಜಮಾನ್ರು ಇಲ್ಲ ಕಣಪ್ಪ” ಎಂದರು ಶಿವರುದ್ರಮ್ಮ, ಹಜಾರದಲ್ಲಿ ಹಪ್ಪಳ ಲಟ್ಟಿಸುತ್ತ.

“ಬರೀ ನೋಡಿ ಇಳೀತೀನಿ ಅಕ್ಕಾ, ಮುಟ್ಟಲ್ಲ!”

ಏಣಿ ಹತ್ತಿದರು. ರಾಶಿಯ ಬುಡದಲ್ಲಿ ಟ್ರಂಕಿನ ಹಿಡಿ ಕಣ್ಣಿಗೆ ಬಿದ್ದೇಬಿಟ್ಟಿತು! ನಡುವೆ ಇದ್ದದ್ದು ಕಾಯಿ ಉರುಳದಂತೆ ಅಟ್ಟದ ಅಂಚಿಗೆ ಅಡ್ಡ ಕೊಟ್ಟಿದ್ದ ಹಲಗೆ. “ಒಂದೇ ಹಲಗೆ ತಾನೆ” ಎಂದುಕೊಂಡು ಬೆಟ್ಟಸ್ವಾಮಿ ಅದನ್ನು ಕಿತ್ತರು.

ಹಲಗೆ ಒಂದೇ. ಕಾಯಿ ಆರು ಸಾವಿರ!

ಮೊದಲನೆಯದು ಕಾರ್ಯದರ್ಶಿಗಳ ನೆತ್ತಿಗೆ ಬಿತ್ತು. ಎರಡನೆಯದು ಹಪ್ಪಳದ ಹಿಟ್ಟಿಗೆ. ಉಳಿದವುಗಳ ಲೆಕ್ಕ ಯಾರೂ ಇಡಲಿಲ್ಲ. ಗುಡುಗುಡು ಗುಡುಗುಡು ಎಂದು ಹಜಾರ ತುಂಬಿ, ಹೊಸ್ತಿಲು ದಾಟಿ, ಇಳಿಜಾರು ಬೀದಿಗೆ ಬಿದ್ದು ಹೊನ್ನವಳ್ಳಿ ರಸ್ತೆಯ ಕಡೆಗೆ ಓಡಿದವು. ಕೊಟ್ಟಿಗೆಯ ಕರು ಕಣ್ಣಿ ಕಿತ್ತಿತು. ಶಿವರುದ್ರಮ್ಮ ಲಟ್ಟಣಿಗೆ ಸಮೇತ ಮಂಚ ಏರಿ “ಶಿವಶಿವಾ, ಮನೆ ಬಿತ್ತು!” ಎಂದು ಕೂಗಿಕೊಂಡರು. ಎಲ್ಲ ನಿಂತ ಮೇಲೆ ನೋಡಿದರೆ ರಾಶಿಯ ತುದಿಯಲ್ಲಿ ಬೆಟ್ಟಸ್ವಾಮಿ ಟ್ರಂಕು ತಬ್ಬಿಕೊಂಡು ಮಲಗಿದ್ದರು. ಸಿಪ್ಪೆ ಇದ್ದದ್ದರಿಂದ ತಲೆ ಉಳಿದಿತ್ತು.

ಸುದ್ದಿ ಕೇಳಿ ಓಡಿ ಬಂದ ಕರಿಬಸವಯ್ಯ ಬಯ್ಯಲಿಲ್ಲ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ನಿಟ್ಟುಸಿರು ಬಿಟ್ಟು ಕೆಳಗಿಟ್ಟರು.

“ತಗೊಂಡೋಗಪ್ಪ. ಆದ್ರೆ ಒಂದು ಮಾತು. ನಕ್ಷೇನ ಮೊದ್ಲು ನೀನೊಬ್ನೇ ನೋಡು. ಆಮೇಲೆ ಸಭೆಗೆ ತರೋದು ಬುಡೋದು ಯೋಚ್ನೆ ಮಾಡು.”

“ಮುಚ್ಚಿಡೋ ವ್ಯವಹಾರ ನನ್ನ ಹತ್ರ ಇಲ್ಲ!” ಬೆಟ್ಟಸ್ವಾಮಿ ನೆತ್ತಿಯ ಬೋರೆ ಸವರಿಕೊಳ್ಳುತ್ತ ಗುಡುಗಿದರು. “ಸಭೇಲಿ, ಹತ್ತು ಜನರ ಎದುರಿಗೇ ಬೀಗ ತೆಗೀತೀನಿ!”

ಭಾನುವಾರ ಬೆಟ್ಟಸ್ವಾಮಿಯವರ ಮನೆಯ ಹಜಾರದಲ್ಲಿಯೇ ಜಮಖಾನ ಹಾಸಿ ತುರ್ತುಸಭೆ ಸೇರಿತು. ಪುರಸಭೆಯ ಓವರ್ಸಿಯರ್ ದುರ್ಗಯ್ಯ ಬಂದ. ಸಂಘದ ಹಿರಿಯ ಸದಸ್ಯ ದೊಡ್ಡರಂಗಯ್ಯ ಕೋಲೂರಿಕೊಂಡು ಬಂದರು. ಕರಿಬಸವಯ್ಯ ಮೂಲೆಯಲ್ಲಿ ತಲೆತಗ್ಗಿಸಿ ಕೂತರು. ಅದನ್ನು ಕಂಡು ಬೆಟ್ಟಸ್ವಾಮಿ ಮೀಸೆ ತಿರುವಿದರು. ಬೀಗ ತೆರೆಯಿತು, ನಕ್ಷೆ ಬಿಚ್ಚಿಕೊಂಡಿತು. ದುರ್ಗಯ್ಯ ಬೆರಳಿಟ್ಟು ಒಂದೊಂದೇ ಸೈಟು ಓದಿ ಮೂವತ್ತೇಳಕ್ಕೆ ನಿಂತ.

“ಮೂವತ್ತೆಂಟು ಬರ್ಕೊಳ್ರೀ, ಅದೇ ನಮ್ಮನೆ!” ಎಂದರು ಬೆಟ್ಟಸ್ವಾಮಿ.

“ಮೂವತ್ತೆಂಟು ಇಲ್ವಲ್ಲ ಸ್ವಾಮಿ. ಮೂವತ್ತೇಳಾದ್ಮೇಲೆ ‘ಸಾರ್ವಜನಿಕ ಉದ್ಯಾನವನ’ ಅಂತೈತೆ.”

“ಪಾರ್ಕಾ? ನಮ್ಮ ಬಡಾವಣೇಲಿ ಪಾರ್ಕು ಎಲ್ಲೈತ್ರೀ?”

ದುರ್ಗಯ್ಯ ಸಂಕೋಚದಿಂದ ಜಮಖಾನ ಮುಟ್ಟಿ ತೋರಿಸಿದ. “ನಾವು ಕೂತಿರೋದು ಅದ್ರಲ್ಲೇ ಸ್ವಾಮಿ.”

ತೋಟ ಕಡಿದು ಬಡಾವಣೆ ಮಾಡಿದ ಸಾಹುಕಾರ ಕೊನೆಗೆ ಪಾರ್ಕನ್ನೂ ಬಿಡದೆ ಮೂವತ್ತೆಂಟನೆಯ ಸೈಟೆಂದು ಮಾರಿ ಊರು ಬಿಟ್ಟಿದ್ದ. ತಾಲ್ಲೂಕಿನ ದಾಖಲೆಗಳನ್ನೆಲ್ಲ ಕಾದ ಮಹಾನುಭಾವರು ತಮ್ಮ ಸೈಟಿನ ನಕ್ಷೆಯೊಂದನ್ನು ಮಾತ್ರ ನೋಡಿರಲಿಲ್ಲ!

ಕರಿಬಸವಯ್ಯ ಮೆಲ್ಲಗೆ ಬಾಯಿಬಿಟ್ಟರು. “ನನಗೆ ಗೊತ್ತಾಗಿದ್ದು ನಿನ್ನ ಗೃಹಪ್ರವೇಶ ಆದ್ಮೇಲೆ ಕಣಪ್ಪ. ಹೋಳಿಗೆ ತಿಂದ ಬಾಯಲ್ಲಿ ‘ಇದು ನಿನ್ ಜಾಗ ಅಲ್ಲ’ ಅಂತ ಹೆಂಗೆ ಹೇಳ್ಲಿ? ನಿನ್ನ ಮನೇನೂ ಸೇರ್ಸಿ ಹೊಸ ನಕ್ಷೆ ಮಾಡ್ಸಕ್ಕೆ ತುಮಕೂರಿಗೆ ಅರ್ಜಿ ಹಾಕಿದ್ದೆ. ಕೊಬ್ಬರಿ ಆಗೋ ಹೊತ್ಗೆ ಅದೂ ಬರೋದು. ಅಲ್ಲೀಗಂಟ ಯಾರ ಕಣ್ಣಿಗೂ ಬೀಳ್ದಿರ್ಲಿ ಅಂತ ಮೇಲೆ ಕಾಯಿ ಸುರಿದೆ.”

ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ಬೆಟ್ಟಸ್ವಾಮಿಗೆ. ಆದರೆ ಅದೂ ಪುರಸಭೆಯ ಭೂಮಿ! ಕಳ್ಳನೆಂದು ತಾವು ಬೆನ್ನುಹತ್ತಿದ ಮನುಷ್ಯ ತಮ್ಮ ಸೂರನ್ನೇ ಕಾಯುತ್ತಿದ್ದನೆಂದು ತಿಳಿದು ಅವರಿಗೆ ನಿಜವಾಗಿ ಅಳು ಬಂತು. ಎದ್ದು ಹೋಗಿ ಕರಿಬಸವಯ್ಯನವರ ಕೈ ಹಿಡಿದುಕೊಂಡರು.

“ನಲ್ಲಿ?” ಎಂದರು ದ್ರಾಕ್ಷಾಯಣಮ್ಮ ಅಡುಗೆಮನೆಯ ಬಾಗಿಲಿಂದ.

“ಮೂವತ್ತೇಳು ಮನೆಗೆ ಈಗ್ಲೇ ಆಯ್ತದೆ ತಾಯಿ” ಎಂದ ದುರ್ಗಯ್ಯ. “ನಿಮ್ಗೆ ಹೊಸ ನಕ್ಷೆ ಬಂದ್ಮೇಲೆ. ನಮಗೆ ಪಾರ್ಕು ಬೇಡ ಅಂತ ಸಂಘದೋರೆಲ್ಲ ಸಹಿ ಹಾಕಿಕೊಟ್ರೆ ಬೇಗ ಬಂದಾತು.”

ಎಲ್ಲರೂ ಸಹಿ ಹಾಕಿದರು. ದೊಡ್ಡರಂಗಯ್ಯ ಮಾತ್ರ ಪೆನ್ನು ಹಿಡಿದು ಗೋಡೆ, ಕಂಬ, ತೊಲೆಗಳನ್ನೆಲ್ಲ ಒಮ್ಮೆ ನೋಡಿ, “ಪಾರ್ಕು ಐತೆ ಅಂತ ಗೊತ್ತಾಗಿದ್ದೇ ಇವತ್ತು. ಇವತ್ತೇ ಬುಟ್ಬುಡು ಅಂದ್ರೆ? ಒಂದಿನ ಟೈಂ ಕೊಡಪ್ಪ” ಎಂದು ಎದ್ದು ಹೋದರು.

ಮರುದಿನ ಬೆಳಗ್ಗೆ ಆರು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಬೆಟ್ಟಸ್ವಾಮಿ ತೆರೆದರೆ, ದೊಡ್ಡರಂಗಯ್ಯ! ತಲೆಗೆ ಮಫ್ಲರು, ಕಾಲಿಗೆ ಕ್ಯಾನ್ವಾಸ್ ಷೂ. ಅವರು ಸೀದಾ ಒಳಗೆ ಬಂದು ಹಜಾರದ ಕಂಬ ಸುತ್ತತೊಡಗಿದರು.

“ಯಜಮಾನ್ರೇ, ಇದೇನಿದು?”

“ಸಕ್ಕರೆ ಕಾಯಿಲೆ ಕಣಪ್ಪ. ದಿನಾ ಪಾರ್ಕಲ್ಲಿ ಇಪ್ಪತ್ತು ಸುತ್ತು ಹಾಕು ಅಂದವ್ರೆ ಡಾಕ್ಟ್ರು. ಆ ಕುರ್ಚಿ ಒಸಿ ಆಚೆಗೆ ಎಳ್ಕೋ.”

ಕಾರ್ಯದರ್ಶಿಗಳು ತೆಪ್ಪಗೆ ಕುರ್ಚಿ ಎಳೆದುಕೊಂಡರು.