ಏಷ್ಯಾದ ಬೆವರು ಒರೆಸಿದ ಕಾಕ

ಏಷ್ಯಾ ಖಂಡದ ಘಟಾನುಘಟಿ ಬಾಸ್ಕೆಟ್‌ಬಾಲ್ ಆಟಗಾರರು ಬೀಳದೆ ಉಳಿದದ್ದು ನಮ್ಮ ಬಂದ್ಯೋಡಿನ ಕಾಕನ ದಯೆಯಿಂದ ಎಂದರೆ ನೀವು ನಗುತ್ತೀರಿ. ನಗಿ! ನಾನೂ ನಕ್ಕವನೇ. ಕಾಕ ಎಂದರೆ ನಮ್ಮ ಪಕ್ಕದ ಮನೆಯ ಬ್ಯಾರಿ, ನನ್ನ ಭುಜಕ್ಕೆ ಬಂದರೆ ಹೆಚ್ಚು. ಅವರು ದುಡಿಯುತ್ತಿದ್ದ ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದಾಗ ಗಂಡಸರ ಬಾಸ್ಕೆಟ್‌ಬಾಲ್ ಕೋರ್ಟಿನ ಅಂಚಿನಲ್ಲಿ ಮಾಪು ಹಿಡಿದು ಕುಕ್ಕರಗಾಲಿನಲ್ಲಿ ಕೂತದ್ದು ಇವರೇ. ಆಟಗಾರ ಜಾರಿದ ಕೂಡಲೇ ಓಡುವುದು, ಬೆವರು ಒರೆಸುವುದು, ಚೆಂಡು ತಲೆಗೆ ಬಡಿಯುವ ಮೊದಲು ವಾಪಸು ಓಡುವುದು. "ಆಟಗಾರರನ್ನು ಮುಟ್ಟುವ ಹಾಗಿಲ್ಲ. ನೆಲ ಮಾತ್ರ ನಮ್ದು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

"ಫೈನಲ್‌ನಲ್ಲಿ ಗೆದ್ದದ್ದು ಯಾರು ಕಾಕ?"

"ನನಗೆಂತ ಗೊತ್ತುಂಟು ಮಾರಾಯ? ನಾನು ನೆಲ ನೋಡ್ತಾ ಇದ್ದೆ!"

ಆ ನೆಲದ ಹೊಳಪಿಗೆ ಮರುಳಾದದ್ದೇ ಎಡವಟ್ಟಾಯಿತು. ಗೇಮ್ಸಿಗೆ ತಿಂಗಳುಗಳ ಮೊದಲೇ ಅದನ್ನು ತಿಕ್ಕುತ್ತಿದ್ದ ಕಾಕ, ಊರಿನ ಮನೆಗೂ ಅಂಥದೇ ಮಿರಮಿರ ಮಿಂಚುವ ಟೈಲ್ಸ್ ಹಾಕಿಸಿ ಎಂದು ಫೋನು ಮಾಡಿದರು. ಹಾಕಿಸಿಯೂ ಆಯಿತು. ಅತ್ತ ಆಟ ನಡೆಯುತ್ತಿದ್ದಾಗ ಇತ್ತ ಅವರ ಉಮ್ಮ ನಮಾಜಿಗೆಂದು ಕೈಕಾಲು ತೊಳೆದು ಒದ್ದೆ ಪಾದದಲ್ಲೇ ಬಂದರು, ಜಾರಿ ಬಿದ್ದರು, ಸೊಂಟ ಮುರಿಯಿತು. ಮಗ ಯಾರದೋ ಕಾಲಡಿ ಒರೆಸುತ್ತಿದ್ದ! ಆಪರೇಷನ್ ಮಾಡಿದ ಡಾಕ್ಟರು "ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ" ಎಂದುಬಿಟ್ಟರು.

ಕಾಕ ಗಲ್ಫ್ ಬಿಟ್ಟು ಬಂದರು, ಮಾಪು ಸಮೇತ. ಆಮೇಲೆ ಅವರು ನೆಮ್ಮದಿಯಾಗಿ ಕೂತದ್ದನ್ನು ಯಾರೂ ಕಂಡಿಲ್ಲ. ಟೈಲ್ಸ್ ಒಡೆಸೋಣ ಎಂದರೆ ಉಮ್ಮ ಬಿಡಲೊಲ್ಲರು. "ನನ್ನ ಮಗ ಹಾಕಿಸಿದ್ದು. ಮುಟ್ಟಿದರೆ ಜಾಗ್ರತೆ!" ಕಾರ್ಪೆಟ್ ಹಾಸಿದರೆ ಅದನ್ನೂ ಮಡಚಿಟ್ಟು ಟೈಲ್ಸಿನ ಚಂದ ನೋಡುವವರು ಅವರು!

ಕಾಕ ಪೇಟೆಯಲ್ಲಿ ಬೇಕರಿ ಇಟ್ಟರು. ಮಳೆಗಾಲದಲ್ಲಿ ಗಿರಾಕಿ ಕೊಡೆ ಮಡಚುವುದೇ ತಡ, ಮಾಪು ಕಾಲಬುಡಕ್ಕೆ ಬಂತೆಂದೇ ಲೆಕ್ಕ.

"ಕಾಕ, ಒಂದು ಬ್ರೆಡ್ ಕೊಡಿ ಮಾರಾಯ್ರೆ."

"ಮೊದಲು ಕಾಲು ಎತ್ತಿ!"

"ಎತ್ತಿದೆ."

"ಇನ್ನೊಂದು?"

"ಅದನ್ನೂ ಎತ್ತಿದರೆ ನಾನು ನಿಲ್ಲುವುದು ಎಂತದ್ರಲ್ಲಿ?"

ಮುಂದಿನ ಏಷ್ಯನ್ ಗೇಮ್ಸ್ ಬಂತು. ತಜ್ಞರ ಜೊತೆ ಬಾಸ್ಕೆಟ್‌ಬಾಲ್ ನೋಡೋಣವೆಂದು ನಾವು ನಾಲ್ಕೈದು ಮಂದಿ ಕಾಕನ ಮನೆಯ ಟಿವಿಯ ಮುಂದೆ ಕೂತೆವು. ಕಾಕ ಮಾತ್ರ ನಿಂತೇ ಇದ್ದರು. ಚೆಂಡು ಬಲಕ್ಕೆ ಹೋದರೆ ಅವರ ಕಣ್ಣು ಎಡಮೂಲೆಯ ನೆಲದಲ್ಲಿ! ಒಬ್ಬ ಧಡೂತಿ ದೊಪ್ಪನೆ ಬಿದ್ದ. ನಾವು ಅಯ್ಯೋ ಎನ್ನುವಷ್ಟರಲ್ಲಿ ಕಾಕ ಟಿವಿಗೇ ಬೈಯತೊಡಗಿದರು. "ಅಲ್ಲಿ ಒದ್ದೆ ಉಂಟು! ಮಾಪಿನವ ಎಲ್ಲಿ ಸತ್ತ? ಓಡು ಮಾರಾಯ, ಓಡು!"

ಆಗಲೇ ಒಳಗೆ ಬಚ್ಚಲಿನ ನಳ್ಳಿ ನೀರಿನ ಸದ್ದು ನಿಂತಿತು. ಕಾಕನಿಗೆ ಏಷ್ಯಾ ಮರೆತೇಹೋಯಿತು. ಉಮ್ಮ ವಾಕರ್ ಹಿಡಿದು ಬಂದರು, ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಒಂದು ಹೆಜ್ಜೆ ಇಡುವುದರೊಳಗೆ ಕಾಕ ಮುಂದೊಮ್ಮೆ ಒರೆಸಿ, ಹಿಂದಕ್ಕೋಡಿ ಅಲ್ಲೂ ಒರೆಸಿ, ಪುನಃ ಮುಂದೆ! ನಾವೂ ಅತ್ತಲೇ ತಿರುಗಿ ಕೂತೆವು. ಟಿವಿಯಲ್ಲಿ ಯಾರು ಗೆದ್ದರೋ ನಮಗೂ ಗೊತ್ತಾಗಲಿಲ್ಲ.

ನಡುಮನೆಯ ಮಧ್ಯೆ ಉಮ್ಮ ನಿಂತುಬಿಟ್ಟರು. ಮಗನನ್ನು ಮೇಲಿಂದ ಕೆಳಗೆ ನೋಡಿ ಬ್ಯಾರಿ ಭಾಷೆಯಲ್ಲಿ ಕೇಳಿದರು: "ಇಷ್ಟು ದೊಡ್ಡ ನೆಲ ಒರೆಸ್ತೀಯಲ್ಲ ಮಗಾ, ನನ್ನ ಎರಡು ಕಾಲು ಒರೆಸಿದರೆ ಸಾಕಾಗುದಿಲ್ವಾ?"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕ ನಗಲಿಲ್ಲ. ಮಾಪನ್ನು ಗೋಡೆಗೆ ಒರಗಿಸಿ, ಹೆಗಲ ಮೇಲಿನ ಬೈರಾಸು ವಸ್ತ್ರ ತೆಗೆದು, ಆ ಟೈಲ್ಸಿನ ಮೇಲೆ ಕೂತರು. ಹೌದು, ಕೂತೇಬಿಟ್ಟರು! ಉಮ್ಮನ ಪಾದ ಮುಟ್ಟಲೋ ಬೇಡವೋ ಎಂಬಂತೆ ಕೈ ಒಂದು ಕ್ಷಣ ತಡೆಯಿತು.

"ಉಮ್ಮಾ, ಕಾಲು ಎತ್ತಿ," ಎಂದರು ಮೆಲ್ಲಗೆ.

ಉಮ್ಮ ವಾಕರ್ ಬಿಟ್ಟರು. ಮಗನ ತಲೆ ಹಿಡಿದುಕೊಂಡು ಕಾಲೆತ್ತಿದರು.