ಮನಿ ನೆಟ್ಟಗಾದ್ರ ಅಕ್ಕಾರು ದಪ್ಪ

ಒಂದು ಒಗಟು ಬಿಡಿಸ್ರಿ ನೋಡೋಣ. ನಾ ನೆಟ್ಟಗ ನಿಂತ್ರ ಅಕ್ಕಾರು ದಪ್ಪ ಆಗ್ತಾರ, ಅಕ್ಕಾರು ತೆಳ್ಳಗಾದ್ರ ನಾ ಹಿಂದಕ್ಕ ವಾಲ್ತೀನಿ. ನಾ ಯಾರು?

ಬಿಡಸಾಕ ಆಗಂಗಿಲ್ಲ ಬಿಡ್ರಿ. ಇದರ ಉತ್ತರ ಗಂಗಾವತಿಯ ನಮ್ಮ ಮಾವನ ಫೋಟೋ ಸ್ಟುಡಿಯೋದಾಗ ಕುಂತೈತಿ. ಹತ್ತನೇ ಕ್ಲಾಸಿನ ಗಣಿತ ನನ್ನ ಕೈ ಬಿಟ್ಟಮೇಲೆ ಅಲ್ಲಿನ ಕಂಪ್ಯೂಟರ್ ನನ್ನ ಕೈ ಹಿಡಿಯಿತು. ಅವತ್ತಿನಿಂದ ಅಲ್ಲಿ ಇಂಥ ಫಜೀತಿಗಳು ನಡೀತಾನ ಇರ್ತಾವ. ಅರ್ಧ ನಾ ಮಾಡ್ತೀನಿ, ಉಳಿದರ್ಧ ಗಿರಾಕಿಗಳು ಮನಿಯಿಂದ ತರ್ತಾರ.

೧. ಕಂಪ್ಯೂಟರಿಗೆ ಗುಂಡು

ಸಿದ್ದಾಪುರದ ಸಾಹುಕಾರರು ಮೂರಂತಸ್ತಿನ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶದ ಕಾರ್ಡಿಗೆ ಅದರ ಫೋಟೋ ಹೊಡೆದವನು ನಾನು. ರಸ್ತೆ ಸಣ್ಣದು, ಹಿಂದೆ ಸರಿಯಲು ಜಾಗವಿಲ್ಲ. ಸಾಹುಕಾರರನ್ನು ಬಾಗಿಲಲ್ಲಿ ನಿಲ್ಲಿಸಿ, ಕ್ಯಾಮೆರಾ ಮೇಲಕ್ಕೆತ್ತಿ ಹೊಡೆದೆ. ಹಾಗೆ ಹೊಡೆದರೆ ಎಂಥ ಮನೆಯಾದರೂ ಮೇಲೆ ಹೋದಂತೆ ಕಿರಿದಾಗಿ, ಉಂಡು ಗ್ವಾಡಿಗೆ ಒರಗಿದವರ ಹಂಗ ಹಿಂದಕ್ಕೆ ವಾಲಿ ಕಾಣುತ್ತದೆ. ನಾನು ತಿದ್ದುವ ಮೊದಲೇ ಸಾಹುಕಾರರು ಅದನ್ನು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಕುಷ್ಟಗಿಯಲ್ಲಿರುವ ಅವರ ತಮ್ಮ ನೋಡಿ, ಮನಿ ವಾಲೈತಿ, ನನ್ನ ಮನಿ ಕೆಲಸ ಈ ಮೇಸ್ತ್ರಿಗೆ ಕೊಡಂಗಿಲ್ಲ ಅಂದನಂತೆ.

ಮೇಸ್ತ್ರಿ ಕಾಕಾ ಬೆಳಗಾಗುತ್ತಲೇ ಅಂಗಡಿಗೆ ಬಂದ. ಬಂದವನೇ ಚೀಲದಿಂದ, ಗೋಡೆ ನೆಟ್ಟಗಿದೆಯೋ ಇಲ್ಲವೋ ಅಳೆಯುವ ದಾರ ಕಟ್ಟಿದ ತೂಗುಗುಂಡು ತೆಗೆದು ಕಂಪ್ಯೂಟರಿನ ಮುಂದೆ ಇಳಿಬಿಟ್ಟ. ಗುಂಡು ಅಲ್ಲಾಡುತ್ತದೆಂದು ಫ್ಯಾನ್ ಬಂದ್ ಮಾಡಿಸಿದ. ಒಂದು ಕಣ್ಣು ಮುಚ್ಚಿ ಭಾಳ ಹೊತ್ತು ನೋಡಿದ.

"ತಮ್ಮಾ, ಸಿದ್ದಾಪುರದಾಗ ನಾ ಕಟ್ಟಿದ ಗ್ವಾಡಿ ನೆಟ್ಟಗ ಐತಿ. ಇದು ನೀ ಕಟ್ಟಿದ್ದು. ಕೆಡವು."

೨. ಕೆಳಗ ಸಾಹುಕಾರ್ರು

ಕೆಡವೋದು ಬ್ಯಾಡ ಕಾಕಾ, ಎಬ್ಬಿಸ್ತೀನಿ ಅಂದೆ. ಸಾಫ್ಟ್‌ವೇರಿನಲ್ಲಿ ಒಂದು ಸ್ಲೈಡರ್ ಐತಿ. ಎಳೆದರೆ ಚಿತ್ರದ ಮೇಲ್ಭಾಗ ಹಿಗ್ಗಿ ಗೋಡೆಗಳು ನೆಟ್ಟಗಾಗುತ್ತವೆ. ಎಳೆದೆ. ಹೆಡ್‌ಮಾಸ್ತರು ಬಂದಾಗ ಎದ್ದು ನಿಲ್ಲೋ ಹುಡುಗನ ಹಂಗ ಮನೆ ನೆಟ್ಟಗಾಯಿತು. ಕಾಕಾನ ಮುಖ ಅರಳಿತು. ಇದಕ್ಕ ಎಷ್ಟು ಸಿಮೆಂಟ್ ಹಿಡೀತು ಅಂತ ಕೇಳಿದ.

ಅಷ್ಟಕ್ಕೇ ಬಿಟ್ಟರೆ ನಾನು ನಾನೇ ಅಲ್ಲ. ಸ್ಲೈಡರನ್ನು ಇನ್ನೂ ಜಗ್ಗಿದೆ. ಮನೆ ಮೇಲೆ ಅಗಲಾಗಿ, ರಸ್ತೆಯ ಕಡೆ ಮುಂದಕ್ಕೆ ಬಾಗತೊಡಗಿತು. ಕಾಕಾ ಸ್ಟೂಲಿನಿಂದ ಹಾರಿ ಎರಡೂ ಕೈಲೇ ಮಾನಿಟರ್ ಅವುಚಿ ಹಿಡಿದ.

"ನಿಲ್ಲಸಲೇ ಹುಚ್ಚಪ್ಯಾಲಿ, ಕೆಳಗ ಬಾಗಿಲದಾಗ ಸಾಹುಕಾರ್ರು ನಿಂತಾರ."

೩. ನಡುವ ನಿಲ್ಲಸು

ನೆಟ್ಟಗಾದ ಫೋಟೋ ಗ್ರೂಪಿಗೆ ಹೋಗುವ ಮೊದಲು ಸಾಹುಕಾರರ ಹೆಂಡತಿಯ ಕೈಗೆ ಹೋಯಿತು. ಅಕ್ಕಾರು ಗಂಡನನ್ನು ಕರಕೊಂಡು ಅಂಗಡಿಗೆ ಬಂದರು. ಬೆನ್ನಿಗೇ ಮೇಸ್ತ್ರಿ ಕಾಕಾ. ಫೋಟೋದಾಗ ಅಕ್ಕಾರು ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ನಿಂತಿದ್ದರು. ಮೇಲ್ಭಾಗ ಹಿಗ್ಗಿದಾಗ ಮನೆಯ ಜೊತೆ ಅವರೂ ಹಿಗ್ಗಿದ್ದರು.

"ನಾ ಏನು ಭತ್ತದ ಚೀಲೇನು? ಯಲಬುರ್ಗಾದ ನಮ್ಮ ತವರಮನಿಯವರು ನೋಡೋ ಕಾರ್ಡು ಇದು."

ಸ್ಲೈಡರ್ ಹಿಂದಕ್ಕೆ ಎಳೆದೆ. ಅಕ್ಕಾರು ತೆಳ್ಳಗಾಗಿ ನಕ್ಕರು, ಮನೆ ವಾಲಿತು.

"ಅಕ್ಕಾರ, ನನ್ನ ಕುಷ್ಟಗಿ ಕೆಲಸ ಹೋಕ್ಕೈತ್ರಿ," ಅಂತ ಕಾಕಾ ನರಳಿದ.

ಮುಂದಕ್ಕೆ ಎಳೆದೆ. ಕಾಕಾ ನಕ್ಕ, ಅಕ್ಕಾರು ಊದಿದರು. ಬೇಕಂತಲೇ ಇನ್ನಷ್ಟು ಹಿಂದೆ ಮುಂದೆ ಎಳೆದು ಇಬ್ಬರನ್ನೂ ಸರದಿ ಪ್ರಕಾರ ನಗಿಸಿದೆ. ಸಾಹುಕಾರರು ಪಂಚಾಯ್ತಿ ಮಾಡಿ, ನಡುವ ನಿಲ್ಲಸು ಅಂದರು. ನಿಲ್ಲಿಸಿದೆ. ಮನೆ ಅರ್ಧ ವಾಲಿತು, ಅಕ್ಕಾರು ಅರ್ಧ ಊದಿದರು, ಇಬ್ಬರ ಸಿಟ್ಟು ಮಾತ್ರ ಸಾಹುಕಾರರ ಮೇಲೆ ಪೂರಾ ಬಿತ್ತು.

೪. ಸಿಮೆಂಟ್ ಎಲ್ಲಿ ಹೋತು

ಕೊನೆಗೆ ಮತ್ತೊಂದು ಫೋಟೋ ಹೊಡೆಯೋದೆಂದಾಯಿತು. ಅಕ್ಕಾರು ಬಾಗಿಲಿಗೆ ಇಳಿದು ಬಂದರು. ಮ್ಯಾಲ ಯಾರೂ ಇಲ್ಲಂದ್ರ ಮನಿ ಭಣಭಣ ಅಂತೈತಿ ಎಂದವರೂ ಅವರೇ. ಹಾಗಾಗಿ ಮೇಸ್ತ್ರಿ ಕಾಕಾನನ್ನು ಬಾಲ್ಕನಿಗೆ ಹತ್ತಿಸಿದೆವು. ಕಾಕಾ ತೊಗರಿ ಕಟ್ಟಿಗೆಯಂಥ ಮನುಷ್ಯ, ಎಷ್ಟು ಹಿಗ್ಗಿಸಿದರೂ ನಷ್ಟವಿಲ್ಲ. ಅವ ತೂಗುಗುಂಡು ಇಳಿಬಿಟ್ಟುಕೊಂಡೇ ನಿಂತ. ಹೊಡೆದೆ, ಅಂಗಡಿಗೆ ಬಂದು ಸ್ಲೈಡರ್ ಎಳೆದೆ. ಮನೆ ನೆಟ್ಟಗ, ಅಕ್ಕಾರು ತೆಳ್ಳಗ, ಕಾಕಾ ಜೀವಮಾನದಾಗ ಮೊದಲ ಸಲ ದುಂಡಗ.

ಫೋಟೋ ಗ್ರೂಪಿಗೆ ಹೋಯಿತು. ಕಾಕಾ ಸಾಹುಕಾರರ ಫೋನಿಗೇ ಕಣ್ಣು ನೆಟ್ಟು ಕುಂತ. ಕುಷ್ಟಗಿ ತಮ್ಮನ ಮಾತು ಬಂತು:

"ಗ್ವಾಡಿ ನೆಟ್ಟಗ ಐತಿ, ಖರೆ. ಆದ್ರ ಮೇಸ್ತ್ರಿ ಇಷ್ಟು ದುಂಡಗ ಆಗ್ಯಾನ ಅಂದ್ರ, ಅಣ್ಣಾ, ನಿನ್ನ ಸಿಮೆಂಟ್ ಎಲ್ಲಿ ಹೋತು?"

ಈ ಕಡೀ ಮಾತು ನಾ ಹುಟ್ಟಿಸಿದ್ದು. ಖರೇ ಅಂದ್ರ ತಮ್ಮ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾದ. ಮೇಸ್ತ್ರಿ ಕಾಕಾ ಈಗ ಕುಷ್ಟಗಿಯಲ್ಲಿ ಬುನಾದಿ ತೋಡಿಸ್ತಾನ. ಆದ್ರ ಇಷ್ಟು ದೂರ ಓದಿಕೊಂಡು ಬಂದ ನಿಮಗ ಬರೇ ಹೆಬ್ಬೆಟ್ಟು ತೋರಿಸಿ ಕಳಸಾಕ ನನಗ ಮನಸ್ಸಾಗಲಿಲ್ಲ.